ಸಾಹೇಬರ ತೋಳಿನಲ್ಲಿ ಕೂಸು

ಲಗ್ನವಿಲ್ಲದೆ ಹುಟ್ಟಿದ ಕೂಸಿಗೆ ತಂದೆ ಅಂತ ತನ್ನ ಹೆಸರು ಬರೆಸಲು ಪಂಚರ್ ಅಂಗಡಿಯ ಫಕ್ಕೀರೇಶ ಕೂಸನ್ನು ಎತ್ತಿಕೊಂಡೇ ಪುರಸಭೆಗೆ ಬಂದಿದ್ದ. ಕೂಸಿನ ತಾಯಿ ನೀಲವ್ವ ಒಪ್ಪಿ ಅರ್ಜಿಗೆ ಸಹಿ ಹಾಕಿ, ಸುಸ್ತಾಗಿ ಹೊರಗೆ ಬೇವಿನ ನೆರಳಲ್ಲಿ ಕೂತಿದ್ದಳು.

“ಲಗ್ನದ ಫೋಟೋ ಎಲ್ಲೈತಿ?” ಎಂದರು ಜನನ ನೋಂದಣಿಯ ಸಾಹೇಬರು. “ತಾಳಿ ಕಟ್ಟದವನಿಗೂ ಈ ಕೂಸಿಗೂ ಏನು ಸಂಬಂಧ? ತಂದೆ ಹೆಸರಿನ ಜಾಗಕ್ಕ ಗೆರೆ ಎಳೀತೀನಿ.”

ಫಕ್ಕೀರೇಶನಿಗೆ ಗೊತ್ತಿತ್ತು: ಆ ಗೆರೆ ಮಗಳನ್ನು ಜೀವಮಾನವಿಡೀ ಬಿಡುವುದಿಲ್ಲ.

“ಸಂಬಂಧ ಇಲ್ಲಂದ್ರ ನಾ ಯಾಕ ಹೊರಲಿ? ಖರೇ ತಂದೆ ಸಿಗೂತನಕ ತಾವ ಹಿಡ್ಕೋರಿ” ಎಂದು ಕೂಸನ್ನು ಮೆಲ್ಲಗೆ ಸಾಹೇಬರ ತೋಳಿಗಿಟ್ಟ.

ಕೂಸು ಕಿಟಾರನೆ ಕಿರುಚಿತು. ಸಾಹೇಬರು ತೂಗಿದರು, ಜೋಜೋ ಅಂದರು. “ಕುತ್ತಿಗಿ ಹಿಡೀರಿ, ಕುತ್ತಿಗಿ!” ಎಂದು ಸಾಲಿನಲ್ಲಿ ನಿಂತಿದ್ದ ಹೆಂಗಸರು ಕೂಗಿದರು. ಫಕ್ಕೀರೇಶನ ಕೈ ತಾನಾಗಿಯೇ ಮುಂದೆ ಹೋಗುತ್ತಿತ್ತು. ಅದನ್ನು ಬೆನ್ನ ಹಿಂದೆ ಬಿಗಿಹಿಡಿದು ನಿಂತ. ಅಷ್ಟರಲ್ಲಿ ಸಾಹೇಬರ ಇಸ್ತ್ರಿ ಅಂಗಿ ಬೆಚ್ಚಗೆ ಒದ್ದೆಯಾಯಿತು.

“ಏ ಮಾರಾಯಾ, ನಿನ್ನ ಮಗಳನ್ನ ನೀನ ಹಿಡ್ಕೋಪಾ!”

ಫಕ್ಕೀರೇಶ ಮಗಳನ್ನು ಬಾಚಿ ಎದೆಗಪ್ಪಿಕೊಂಡ. ಆಗಲೇ ಅವನಿಗೆ ಉಸಿರು ಬಂದಿತು.

“ಇಷ್ಟು ಮಂದಿ ಮುಂದ ತಾವ ಅಂದೀರಿ, ಸಾಹೇಬ್ರ. ಇನ್ನ ಅದನ್ನ ಬರೀರಿ.”