ಬೀಸುಕಲ್ಲವ್ವನ ಗುಡ್ಡ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಎರೆಸೀಮೆಯಲ್ಲಿ, ಜೋಳದ ಹೊಲಗಳು ಮುಗಿಯುವ ಕಡೆ, ಕಪ್ಪುಕಲ್ಲಿನ ಗುಡ್ಡವೊಂದಿದೆ. ಅದರ ಪಡುವಣ ಮಗ್ಗುಲಿನಲ್ಲಿ ಹಳೆಯ ಚಿನ್ನದ ಗಣಿಯ ಸುರಂಗಗಳು ಬಾಯಿ ತೆರೆದುಕೊಂಡಿವೆ. ಮೂಡಣಕ್ಕೆ ಯಾವ ಮನುಷ್ಯನೂ ಕೊರೆಯದ, ತಾವಾಗಿಯೇ ಆದ ಗವಿಗಳು. ಭಾನುವಾರ ಬಂತೆಂದರೆ ಸಾಕು, ಊರೂರಿನಿಂದ ಜನ ಬರುತ್ತಾರೆ. ಬಾಡಿಗೆಗೆ ಸಿಗುವ ಹಳದಿ ಹೆಲ್ಮೆಟ್ಟು ಹಾಕಿಕೊಂಡು, ಮೊಬೈಲಿನ ಬೆಳಕು ಹಿಡಿದು, ಬಗ್ಗಿ ಬಗ್ಗಿ ಒಳಗೆ ಹೋಗುತ್ತಾರೆ. ನಾಲ್ಕು ಮಾರು ಹೋದರೋ ಇಲ್ಲವೋ, ಒಬ್ಬ ಕೂ ಎಂದು ಕೂಗಲೇಬೇಕು, ಉಳಿದವರು ನಗಲೇಬೇಕು. ಕೂಗಲಿ ಪಾಪ, ಕತ್ತಲೆಯ ಹೆದರಿಕೆಗೆ ಅದೂ ಒಂದು ಮದ್ದು. ಸುರಂಗದ ಗೋಡೆಗಳಲ್ಲಿ ಮಸಿ ಇನ್ನೂ ಇದೆ, ಮುಟ್ಟಿದರೆ ಬೆರಳಿಗೆ ಹತ್ತುತ್ತದೆ. ಗುಡ್ಡದ ಹೆಸರು ಕೇಳಿದವರು ಇಲ್ಲಿ ಯಾವುದೋ ದೇವಿಯ ಗುಡಿ ಇರಬೇಕೆಂದು ಕಾಯಿ ಕರ್ಪೂರ ಹಿಡಿದು ಅಲೆಯುವುದುಂಟು. ಗುಡಿಯೂ ಇಲ್ಲ, ಬೀಸುಕಲ್ಲವ್ವ ದೇವಿಯೂ ಅಲ್ಲ. ಅವಳು ಈ ಗುಡ್ಡದ ಬುಡದಲ್ಲಿ ನಮ್ಮ ನಿಮ್ಮ ಹಾಗೆ ಉಂಡು ಬಾಳಿದ ಒಬ್ಬ ಹೆಣ್ಣುಮಗಳು. ಹೆಸರು ಹುಲಿಗೆವ್ವ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ಯಾವ ಅರಸ ಆಳುತ್ತಿದ್ದನೆಂಬುದೂ ಮರೆತುಹೋಗುವಷ್ಟು ಹಿಂದೆ, ಗುಡ್ಡದ ಕೆಳಗೆ ಗಣಿಯವರ ಹಟ್ಟಿ ಇತ್ತು. ಆಗ ಕಲ್ಲು ಒಡೆಯಲು ಸಿಡಿಮದ್ದು ಎಲ್ಲಿಯದು? ಗಂಡಸರು ಸುರಂಗದೊಳಗೆ ಬಂಡೆಗೆ ಸೌದೆ ಒಟ್ಟಿ ಬೆಂಕಿ ಕೊಡುತ್ತಿದ್ದರು. ಬಂಡೆ ಕೆಂಡದಂತೆ ಕಾದಾಗ ತಣ್ಣೀರು ಎರಚಿದರೆ ಅದು ಚಟಚಟನೆ ಬಿರಿಯುತ್ತಿತ್ತು. ಬಿರಿದ ಕಲ್ಲನ್ನು ತೊಗಲಿನ ಚೀಲದಲ್ಲಿ ಹೊತ್ತು ತರುವುದು ಅವರ ಪಾಲು. ಅದನ್ನು ಕುಟ್ಟಿ, ಬೀಸಿ, ಹಳ್ಳದ ನೀರಿನಲ್ಲಿ ಜಾಲಿಸಿ ಹೊನ್ನಿನ ಪುಡಿ ಎತ್ತುವುದು ಹೆಂಗಸರ ಪಾಲು. ಹೀಗಾಗಿ ಹಟ್ಟಿಯಲ್ಲಿ ಹಗಲೆಲ್ಲ ಬೀಸುಕಲ್ಲಿನ ಗುರುಗುರು. ಗಂಡ ಒಳಗಿರುವ ತನಕ ಹೆಂಡತಿ ಬೀಸುಕಲ್ಲು ನಿಲ್ಲಿಸುವಂತಿರಲಿಲ್ಲ. ಗಣಿಯ ಕಲ್ಲು ಮುಗಿದರೆ ಜೋಳ, ಜೋಳ ಮುಗಿದರೆ ರಾಗಿ. ಏಕೆಂದರೆ ಆ ಸದ್ದು ಬಂಡೆಯ ಮೈಯಲ್ಲಿ ಇಳಿದು ಸುರಂಗದ ತಳದವರೆಗೂ ಹೋಗುತ್ತಿತ್ತು. ಒಳಗೆ ದೀಪ ಆರಿಹೋದವನು ಗೋಡೆಗೆ ಕಿವಿಯಿಟ್ಟು, ತನ್ನ ಮನೆಯ ಕಲ್ಲು ಇದೇ ಎಂದು ಗುರುತು ಹಿಡಿದು, ಅದರ ಬೆನ್ನು ಹತ್ತಿ ಹೊರಗೆ ಬರುತ್ತಿದ್ದ. ಸತ್ತವನ ಮನೆಯಲ್ಲಿ ಮಾತ್ರ ಮೇಲುಕಲ್ಲನ್ನು ಎತ್ತಿ ಬೋರಲು ಹಾಕುತ್ತಿದ್ದರು. ಸದ್ದು ನಿಲ್ಲದಿದ್ದರೆ ಸತ್ತವನು ಅದನ್ನೇ ಸುತ್ತುತ್ತ ಉಳಿಯುತ್ತಾನೆ, ಮುಂದಿನ ದಾರಿ ಹಿಡಿಯುವುದಿಲ್ಲ ಎಂಬುದು ಅವರ ನಂಬಿಕೆ.

ಹುಲಿಗೆವ್ವನ ಗಂಡ ಅಯ್ಯಾಳಪ್ಪ. ಮಾತು ಕಡಿಮೆ, ನಗು ಜಾಸ್ತಿ. ಮದುವೆಯಾದ ಹೊಸತರಲ್ಲಿ ಅವನು ಹೊರಗೆ ಬಂದವನೇ, 'ಇವತ್ತು ನಡುವೆ ಒಂದು ಗಳಿಗೆ ತೂಕಡಿಸಿದಿಯಲ್ಲಾ?' ಎಂದು ಕೇಳಿ ಅವಳನ್ನು ನಾಚಿಸುತ್ತಿದ್ದನಂತೆ. ಒಳಗಿದ್ದುಕೊಂಡೇ ಅವಳ ಕೈಯ ಬಳಲಿಕೆಯನ್ನೂ ಸಿಟ್ಟನ್ನೂ ಆ ಸದ್ದಿನಲ್ಲೇ ತಿಳಿಯುತ್ತಿದ್ದ. ಒಂದು ದಿನ ಅವನು ಗಣಿಯ ಹಿರಿಯ ಗಾದಿಲಿಂಗಪ್ಪನ ಒಬ್ಬನೇ ಮಗ ಎಂಕೋಬನ ಜೊತೆ ಕೆಳಗಿನ ಸುರಂಗಕ್ಕೆ ಇಳಿದ. ಹಿಂದಿನ ದಿನ ಬೆಂಕಿ ಹೆಚ್ಚಾಗಿತ್ತೋ ಏನೋ, ಅವರಿಬ್ಬರೂ ಒಳಗೆ ಹೋದ ಸ್ವಲ್ಪ ಹೊತ್ತಿಗೆ ಸುರಂಗದ ಮೇಲ್ಭಾಗವೇ ಕುಸಿದು ಕೂತಿತು. ಹಟ್ಟಿಯವರೆಲ್ಲ ಓಡಿ ಬಂದರು, ಅಗೆದರು, ಕೂಗಿದರು. ಅಗೆದಷ್ಟೂ ಮೇಲಿನಿಂದ ಕಲ್ಲು ಸುರಿಯಿತು. ಕಡೆಗೆ ಗಾದಿಲಿಂಗಪ್ಪ ಹಾರೆ ಕೆಳಗಿಟ್ಟು ಮನೆಗೆ ನಡೆದು, ತನ್ನ ಕೈಯಾರೆ ಮೇಲುಕಲ್ಲನ್ನು ಎತ್ತಿ ಬೋರಲು ಹಾಕಿದ. ಹಿರಿಯನ ಮನೆಯ ಕಲ್ಲು ನಿಂತ ಮೇಲೆ ಉಳಿದವರದೂ ಒಂದೊಂದಾಗಿ ನಿಂತಿತು. ಒಂದು ಮಾತ್ರ ನಿಲ್ಲಲಿಲ್ಲ.

ಹೆಂಗಸರು ಬಂದು ಅವಳ ಕೈ ಹಿಡಿದರು, ಅತ್ತರು, ಬೈದರು. ಹುಲಿಗೆವ್ವ ತಲೆ ಎತ್ತಲಿಲ್ಲ. ಆಮೇಲೆ ಗಾದಿಲಿಂಗಪ್ಪನೇ ಬಂದು ಅವಳ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತ. ಊರೆಲ್ಲ ಹೆದರುವ ಮನುಷ್ಯ ಅಂದು ಬೇಡಿಕೊಂಡನೆನ್ನುತ್ತಾರೆ.

"ನಿಲ್ಲಸವ್ವಾ. ನನ್ನ ಮಗ ಈ ಸದ್ದಿನ ಸುತ್ತ ತಿರಗಾಕ ಹತ್ಯಾನ. ಅವನನ್ನ ಹೋಗಾಕ ಬಿಡು."

"ಹೋಗಬ್ಯಾಡ ಅಂತನ ಬೀಸಾಕ ಹತ್ತೀನಿ, ಮಾವ," ಎಂದಳು ಹುಲಿಗೆವ್ವ.

ಅಯ್ಯೋ, ಆ ಮಾತಿಗೆ ಅವನ ಎದೆ ಹೇಗೆ ಉರಿದಿರಬೇಡ! ಸತ್ತ ಮಗನನ್ನು ಕಟ್ಟಿಹಾಕಿದ ಪಾಪಿ ಎಂದು ಶಪಿಸಿ ಎದ್ದುಹೋದ. ಅವಳ ಮನೆಗೆ ಯಾರೂ ಕಾಳು ಕೊಡಕೂಡದೆಂದು ಕಟ್ಟು ಮಾಡಿದ. ಹುಲಿಗೆವ್ವ ಒಬ್ಬಳೇ ಕೂತು ಯೋಚಿಸಿದಳು. ಸುರಂಗದ ಬಾಯಿ ಮುಚ್ಚಿದೆ, ನಿಜ. ಆದರೆ ಸಂಜೆಯಾದರೆ ಮೂಡಣದ ಬಿರುಕಿನಿಂದ ಬಾವಲಿಗಳು ಹೊಗೆಯ ಹಾಗೆ ಎದ್ದು ಬರುತ್ತವಲ್ಲ, ಅವೆಲ್ಲ ಎಲ್ಲಿರುತ್ತವೆ? ಬಾವಲಿ ಹೊರಬೀಳುವ ಕಡೆ ಸದ್ದು ಒಳಗೆ ಹೋಗಲಾರದೇ? ಬೀಸುಕಲ್ಲಿನ ಎರಡು ಹೋಳನ್ನೂ ಒಂದಾದ ಮೇಲೊಂದು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತಿದಳು. ಆ ಬಿರುಕಿನ ಮುಂದಿನ ಬಂಡೆಯ ಮೇಲೆ ಕಲ್ಲು ಹೂಡಿ, ಗೂಟ ಹಿಡಿದು, ಬೀಸತೊಡಗಿದಳು. ತಂದ ಹಿಡಿಕಾಳು ಬೇಗನೆ ಹಿಟ್ಟಾಯಿತು. ಅದನ್ನೇ ನೀರಿನಲ್ಲಿ ಕಲಸಿ ಕುಡಿದು, ಬರಿಯ ಕಲ್ಲನ್ನೇ ತಿರುವಿದಳು.

ಎಷ್ಟು ಹೊತ್ತು ಬೀಸಿದಳೆಂಬುದು ಅವಳಿಗೇ ತಿಳಿಯಲಿಲ್ಲ. ಬಿಸಿಲು ಬಂತು, ಹೋಯಿತು, ಬಾವಲಿಗಳು ತಲೆಯ ಮೇಲೆ ಹಾದುಹೋದವು, ಮರಳಿ ಬಂದವು. ಕಣ್ಣು ಮುಚ್ಚಿದರೂ ಕೈ ನಿಲ್ಲುತ್ತಿರಲಿಲ್ಲ. ನಿದ್ದೆಗೂ ಎಚ್ಚರಕ್ಕೂ ನಡುವೆ ಅವಳು ಗುಡ್ಡದ ಒಳಗನ್ನು ಕಾಣುತ್ತಿದ್ದಳು. ಅಲ್ಲಿ ಕತ್ತಲೆ ಕಪ್ಪಗಿರಲಿಲ್ಲ, ತಿಳಿನೀಲಿಯಾಗಿತ್ತು. ಮಾಡಿನಿಂದ ಕಲ್ಲಿನ ಗೊನೆಗಳು ಇಳಿಬಿದ್ದಿದ್ದವು. ಒಂದು ತೊರೆ ಸದ್ದಿಲ್ಲದೆ ಹರಿಯುತ್ತಿತ್ತು, ಅದರ ದಡದಲ್ಲಿ ಒಂದು ಕೈ ಗೋಡೆಯನ್ನು ತಡವುತ್ತ ತಡವುತ್ತ ಬರುತ್ತಿತ್ತು. ಆ ಕೈಯ ಹೆಬ್ಬೆರಳಿನ ಹಳೆಯ ಗಾಯವನ್ನೂ ಅವಳು ಗುರುತಿಸಿದಳು. 'ಈ ಕಡೆ,' ಎನ್ನುತ್ತಿದ್ದಳು, 'ಈ ಕಡೆ ಬಾ, ನಾನು ತೂಕಡಿಸಿಲ್ಲ.' ಕೈ ಒಂದೊಂದು ಗೇಣು ಮುಂದೆ ಬರುತ್ತಿತ್ತು. ಅವಳ ಅಂಗೈ ಒಡೆದು ಗೂಟವೆಲ್ಲ ರಕ್ತವಾಗಿದ್ದುದನ್ನು ಅವಳು ನೋಡಲೇ ಇಲ್ಲ.

ಒಂದು ಮುಂಜಾನೆ ಬಾವಲಿಗಳು ಮರಳುವ ಹೊತ್ತಿಗೆ ಬಿರುಕಿನೊಳಗಿಂದ ನಿಜವಾಗಿಯೂ ಒಂದು ಕೈ ಹೊರಬಂತು. ಹುಲಿಗೆವ್ವ ಅದನ್ನು ಹಿಡಿದು ಎಳೆದಳು. ಹೆಬ್ಬೆರಳಿನ ಮೇಲೆ ಗಾಯವಿರಲಿಲ್ಲ. ಬಂದವನು ಎಂಕೋಬ.

ಅವನು ಹೇಳಿದ್ದಿಷ್ಟು. ಕುಸಿತದ ಆಚೆ ಸುರಂಗ ಒಂದು ಗವಿಗೆ ಒಡೆದುಕೊಂಡಿತ್ತು. ಅಯ್ಯಾಳಪ್ಪ ಕಾಲು ಮುರಿದು ನಡೆಯಲಾರದಾಗಿದ್ದ. ತೊರೆಯ ನೀರು ಕುಡಿದು ಇಬ್ಬರೂ ಬಿದ್ದುಕೊಂಡಿದ್ದರು. ಹಟ್ಟಿಯ ಕಲ್ಲುಗಳು ಒಂದೊಂದಾಗಿ ನಿಲ್ಲತೊಡಗಿದವು, ಎಂಕೋಬ ತನ್ನ ಮನೆಯ ಕಲ್ಲು ನಿಂತದ್ದನ್ನು ಕೇಳಿ, ಅಪ್ಪ ತನ್ನನ್ನು ಬಿಟ್ಟುಬಿಟ್ಟನೆಂದು ಅತ್ತುಬಿಟ್ಟ. ಆಗ ಅಯ್ಯಾಳಪ್ಪ ಅವನ ತಲೆಯನ್ನು ಗೋಡೆಗೆ ಒತ್ತಿ ಹಿಡಿದು, "ಕೇಳು, ನಮ್ಮ ಮನಿ ಕಲ್ಲು ಇನ್ನೂ ನಿಂತಿಲ್ಲ. ಅದರ ಬೆನ್ನು ಹತ್ತು, ಹೋಗು," ಎಂದು ನೂಕಿ ಕಳಿಸಿದ. ಸುದ್ದಿ ಕೇಳಿ ಹಟ್ಟಿಯೇ ಮೇಲಕ್ಕೆ ಓಡಿ ಬಂತು. ಗಂಡಸರು ದೀಪ ಹಿಡಿದು ಬಿರುಕಿನೊಳಗೆ ಇಳಿದರು, ದೀಪ ಆರಿ ತಿರುಗಿ ಬಂದರು, ಮತ್ತೆ ಇಳಿದರು. ಒಳಗೆ ಕವಲಿಗೊಂದು ಕವಲು. ಕತ್ತಲೆಯಲ್ಲಿ ಸದ್ದೊಂದನ್ನೇ ನಂಬಿ ಬಂದಿದ್ದ ಎಂಕೋಬನಿಗೂ ದಾರಿ ಹೇಳಲು ತಿಳಿಯಲಿಲ್ಲ. ಅಯ್ಯಾಳಪ್ಪ ತೆವಳಿಕೊಂಡಾದರೂ ಬರಬೇಕು, ಇಲ್ಲವೆಂದರೆ ಇಲ್ಲ.

ಹುಲಿಗೆವ್ವ ಮತ್ತೆ ಗೂಟ ಹಿಡಿದಿದ್ದಳು, ಆದರೆ ಕಲ್ಲು ಅಲುಗಲಿಲ್ಲ. ಕೈಯಲ್ಲಿ ಬಲ ಉಳಿದಿರಲಿಲ್ಲ. ಗಾದಿಲಿಂಗಪ್ಪ ಮಗನನ್ನು ಬಿಟ್ಟು ಎದ್ದು ಬಂದ. ಅವಳ ಎದುರಿಗೆ, ಕಲ್ಲಿನ ಆಚೆ ಬದಿಗೆ ಕಾಲು ಚಾಚಿ ಕೂತು, ಅದೇ ಗೂಟಕ್ಕೆ ಕೈ ಹಾಕಿದ. ಗಂಡಸು ಬೀಸುವುದೇ! ಹಟ್ಟಿಯವರು ಬಾಯಿ ಬಿಟ್ಟು ನೋಡಿದರು. ಯಾರೂ ನಗಲಿಲ್ಲ. ಕಲ್ಲು ತಿರುಗಿತು. ಅಂದಿನಿಂದ ಅವರಿಬ್ಬರೂ ಎದುರುಬದುರು ಕೂತು ಬೀಸಿದರು. ಬಿಸಿಲುಗಾಲ ಮುಗಿದು ಮೊದಲ ಹನಿ ಬೀಳುವವರೆಗೂ ಬೀಸಿದರು ಎನ್ನುವವರುಂಟು. ಒಂದು ಬೆಳಗ್ಗೆ, ಆ ತಿಳಿನೀಲಿ ಕತ್ತಲೆಯಲ್ಲಿ ಗಾಯದ ಕೈ ಗೋಡೆ ತಡವುವುದನ್ನು ನಿಲ್ಲಿಸಿದ್ದನ್ನು ಕಂಡು, ಹುಲಿಗೆವ್ವ ಕಣ್ಣು ತೆರೆದು, ಗೂಟದಿಂದ ಮೆಲ್ಲಗೆ ಕೈ ತೆಗೆದಳು.

"ಸಾಕು ಮಾವ. ಅವರು ಮಲಕ್ಕೊಂಡ್ರು."

ಮುದುಕನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಅವನು ಕೈ ಬಿಡಲಿಲ್ಲ. "ಇನ್ನೊಂದು ಸುತ್ತು, ಯವ್ವಾ," ಎಂದ, "ಇನ್ನೊಂದೇ ಸುತ್ತು."

ಆ ಕಲ್ಲು ಇಂದಿಗೂ ಮೂಡಣದ ಬಿರುಕಿನ ಮುಂದೆ ಇದೆ. ಎರಡೂ ಬದಿಯಲ್ಲಿ ಬಂಡೆ ಸವೆದು, ಒಂದು ಕಡೆ ಚಿಕ್ಕದು, ಇನ್ನೊಂದು ಕಡೆ ಅಗಲವಾದ ಕುಳಿ ಬಿದ್ದಿದೆ. ನೋಡಬಂದವರಲ್ಲಿ ಒಬ್ಬರು ಹೊರಗೆ ಕೂತು ಬೀಸುತ್ತಾರೆ, ಉಳಿದವರು ಗವಿಯೊಳಗೆ ಹೋಗಿ ಬರುತ್ತಾರೆ. ಒಳಗೆ ಗೋಡೆಗೆ ಕಿವಿಯಿಟ್ಟರೆ ಆ ಗುರುಗುರು ಸಣ್ಣಗೆ ಕೇಳುತ್ತದೆ. ಜೊತೆಗೆ ಯಾರೂ ಇಲ್ಲದೆ ಬಂದವರನ್ನೂ ಹಾಗೇ ಒಳಗೆ ಬಿಡುವುದಿಲ್ಲ. ಗಾದಿಲಿಂಗಪ್ಪನ ಮನೆತನದ ಗಂಡಸೊಬ್ಬ ಅಲ್ಲಿ ಸದಾ ಇರುತ್ತಾನೆ. ಅಗಲವಾದ ಕುಳಿಯಲ್ಲಿ ಕೂತು ಗೂಟ ಹಿಡಿದು, "ಹೋಗಿ ಬರ್ರಿ, ನೀವು ಬರೂತನಕ ನಾ ಬೀಸ್ತಿರ್ತೀನಿ," ಎನ್ನುತ್ತಾನೆ.