ಏಳನೇ ನಂಬರಿನ ಹೊಲಿಗೆ

ಹೊಳೆ ದಂಡೆಯ ಮೇಲೊಂದು ಜೂನಿಯರ್ ಕಾಲೇಜು. ಅದರ ಹಿಂದೆ ಒಂದು ಬಾಸ್ಕೆಟ್‌ಬಾಲ್ ಅಂಕಣ. ಚೆಂಡು ಬೇಲಿ ಹಾರಿತೋ, ಸೀದಾ ತುಂಗಭದ್ರೆಗೆ.

ಆ ಅಂಕಣದಲ್ಲಿ ಹಾಲಪ್ಪ ಮೇಷ್ಟ್ರು ಮೂವತ್ತೊಂದು ವರ್ಷ ಹುಡುಗರನ್ನು ಆಡಿಸಿದರು. ಅವರು ನಿವೃತ್ತರಾದ ಮೇಲೆ ಮುಖ್ಯ ಕೋಚ್ ಆಗಿ ಬಂದವನು ಅವರದೇ ಶಿಷ್ಯ ಕೊಟ್ರೇಶ.

ಜೂನಿಯರ್ ಕಾಲೇಜಿನ ಕೋಚ್‌ಗೆ ಹುಡುಗರು ಸಿಗುವುದು ಎರಡೇ ವರ್ಷ. ಚೆಂಡು ಹಿಡಿಯಲು ಕಲಿಯುವಷ್ಟರಲ್ಲಿ ಮೊದಲನೆಯದು ಮುಗಿಯುತ್ತದೆ. ಆಡಲು ಕಲಿಯುವಷ್ಟರಲ್ಲಿ ಹುಡುಗನೇ ಗೇಟು ದಾಟಿರುತ್ತಾನೆ.

ಹೊರಡುವವರಿಗಾಗಿ ಮೇಷ್ಟ್ರು ಒಂದು ಪದ್ಧತಿ ಮಾಡಿದ್ದರು. ಲಾರಿಯ ಹಳೆಯ ತಾಡಪಾಲಿನಲ್ಲಿ ಕತ್ತರಿಸಿದ ಹತ್ತು ನಂಬರುಗಳಿದ್ದವು, ನಾಲ್ಕರಿಂದ ಹದಿಮೂರರವರೆಗೆ. ಹೊರಡುವ ಹುಡುಗ ತನ್ನ ನಂಬರಿನ ಅಂಚಿಗೆ ತನಗಿಷ್ಟವಾದ ಬಣ್ಣದ ದಾರದಲ್ಲಿ ನಾಲ್ಕು ಹೊಲಿಗೆ ಹಾಕಬೇಕು. ಆಮೇಲೆ ಅದನ್ನು ತನ್ನ ಹಿಂದೆ ಬರುವವನ ಬನಿಯನ್ನಿಗೆ ತಾನೇ ಹೊಲಿದು ಕೊಟ್ಟು ಹೋಗಬೇಕು.

ಆರಡಿ ಎತ್ತರದ ಹುಡುಗರು ಮೆಟ್ಟಿಲ ಮೇಲೆ ಕೂತು, ಬೆರಳಿಗೆ ಸೂಜಿ ಚುಚ್ಚಿಕೊಂಡು, ಒಬ್ಬರನ್ನೊಬ್ಬರು ಗೇಲಿ ಮಾಡುತ್ತ ಹೊಲಿಯುತ್ತಿದ್ದ ಆ ಸಂಜೆಗಳು ಕೊಟ್ರೇಶನಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿವೆ. ಈಗ ಬನಿಯನ್ನಿನ ಮೇಲೆ ನಂಬರು ಅಚ್ಚಾಗಿಯೇ ಬರುತ್ತದೆ. ಅವನು ಮಾತ್ರ ಹಟ ಹಿಡಿದು ಬೆನ್ನು ಖಾಲಿ ಬಿಡಿಸಿ ತರಿಸುತ್ತಿದ್ದ.

ಕಾಲೇಜಿನ ಗಾಜಿನ ಬೀರುವಿನಲ್ಲಿ ರಾಜ್ಯ ಮಟ್ಟದ ಕಪ್ಪು ಇರುವುದು ಒಂದೇ. ಅದು ಮೇಷ್ಟ್ರ ಕಾಲದ್ದು. ಪಕ್ಕದಲ್ಲೊಂದು ಫೋಟೋ. ಹತ್ತು ಜನ ನಂಬರು ತೊಟ್ಟು ನಿಂತಿದ್ದಾರೆ. ಹನ್ನೊಂದನೆಯವನು ಬರೀ ಶರ್ಟಿನಲ್ಲಿ, ನೀರಿನ ಕೊಡ ಹಿಡಿದು, ಹಲ್ಲು ಬಿಟ್ಟು ನಗುತ್ತಿದ್ದಾನೆ.

ಅವನೇ ಕೊಟ್ರೇಶ. ಅಂಥ ಖುಷಿಯ ದಿನ ತನ್ನ ಬದುಕಿನಲ್ಲಿ ಇನ್ನೊಂದು ಬರಲಿಲ್ಲ ಎಂದು ಅವನು ಹುಡುಗರಿಗೆ ಹೇಳಿ ಹೇಳಿ ಅವರಿಗೆ ಬಾಯಿಪಾಠವಾಗಿತ್ತು.

ಮೇಷ್ಟ್ರು ಮಾತ್ರ ಆ ಬೀರುವಿನ ಕಡೆ ತಿರುಗಿಯೂ ನೋಡಿದವರಲ್ಲ. ದೊಡ್ಡವರ ವಿನಯ ಹಾಗೇ ಇರುತ್ತದೆ ಎಂದು ಕೊಟ್ರೇಶ ತಿಳಿದಿದ್ದ.

ಅವನು ಕೋಚ್ ಆಗಿ ಹನ್ನೊಂದು ವರ್ಷ ಕಳೆದಿತ್ತು. ಆ ಕಪ್ಪಿನ ಪಕ್ಕ ಇನ್ನೊಂದು ಇಡಬೇಕೆಂಬ ಆಸೆ ಆಸೆಯಾಗಿಯೇ ಉಳಿದಿತ್ತು. ಈ ಸಲ ಫೈನಲ್‌ವರೆಗೂ ಹೋಗಿ ಒಂದೇ ಒಂದು ಪಾಯಿಂಟಿನಿಂದ ಸೋತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಲ್ಲಿಯವರೆಗೆ ತಂಡವನ್ನು ಹೊತ್ತುಕೊಂಡು ಹೋದವನು ಏಳನೇ ನಂಬರಿನ ತಿಪ್ಪೇಶ. ಎರಡನೇ ಪಿಯುಸಿ. ಪರೀಕ್ಷೆ ಬರೆದರೆ ಹೊರಟ.

ಆದರೆ ಒಂದು ದಾರಿಯಿತ್ತು. ಪಂದ್ಯಕ್ಕೆ ಹೋದ ದಿನಗಳಿಗೆ ಹಾಜರಿ ಕೊಡಿ ಎಂದು ಕೋಚ್ ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆದು ಕೊಡಬೇಕು. ಆ ಪತ್ರ ಹೋಗದಿದ್ದರೆ ಹುಡುಗನಿಗೆ ಹಾಜರಿ ಸಾಲುವುದಿಲ್ಲ, ಪರೀಕ್ಷೆಗೆ ಕೂರಿಸುವುದಿಲ್ಲ. ಅವನು ಇನ್ನೊಂದು ವರ್ಷ ಅದೇ ತರಗತಿಯಲ್ಲಿ ಕೂರುತ್ತಾನೆ, ಅದೇ ಅಂಕಣದಲ್ಲಿ ಆಡುತ್ತಾನೆ.

ತಿಪ್ಪೇಶನೇ ಬಂದು ಹೇಳಿದ್ದ, ನೀವು ಸಹಿ ಹಾಕದಿದ್ದರೂ ನನಗೇನೂ ಬೇಜಾರಿಲ್ಲ ಎಂದು. ಹದಿನೇಳರ ಹುಡುಗ, ಗುರುವಿಗಾಗಿ ಏನು ಬೇಕಾದರೂ ಬಿಡುವ ವಯಸ್ಸು.

ಪತ್ರ ಕೊಡಲು ಎರಡೇ ದಿನ ಉಳಿದಿತ್ತು. ಸಹಿಯಿಲ್ಲದ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಕೊಟ್ರೇಶ ಮೇಷ್ಟ್ರನ್ನು ಹುಡುಕಿಕೊಂಡು ಹೋದ.

ಸಂಜೆಯಾದರೆ ಅವರು ಹೊಳೆಯ ಮೆಟ್ಟಿಲ ಮೇಲೆ ಸಿಗುತ್ತಿದ್ದರು. ಅಲ್ಲಿಗೆ ಚೆಂಡು ಪುಟಿಯುವ ಸದ್ದು ಕೇಳುತ್ತದೆ. ಆ ಸದ್ದು ಕೇಳದೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಕೊಟ್ರೇಶ ಎಲ್ಲವನ್ನೂ ಹೇಳಿದ. 

ಕೊನೆಗೆ ಅವನು ಧೈರ್ಯ ಮಾಡಿ ಅಂದ, “ನೀವೂ ಆವಾಗ ಏಳನೇ ನಂಬರಿನ ವಿರೂಪಾಕ್ಷನ್ನ ಹಿಂಗೇ ಒಂದು ವರ್ಷ ಉಳಿಸ್ಕೊಂಡಿದ್ರಿ ಸರ್. ಅದಕ್ಕೇ ಅಲ್ವಾ ನಮಗೆ ಕಪ್ಪು ಬಂದಿದ್ದು.”

ಮೇಷ್ಟ್ರು ಹೊಳೆಯ ಕಡೆಯಿಂದ ಅವನತ್ತ ತಿರುಗಿದರು.

“ತಿಪ್ಪೇಶಿ ಹೋದ್ರೆ ಏಳು ಯಾರಿಗೆ?” ಎಂದು ಕೇಳಿದರು.

“ಮೈಲಾರಿ ಅಂತ ಒಬ್ಬ ಇದಾನ್ರಿ, ಫಸ್ಟ್ ಇಯರ್ ಹುಡುಗ. ಅವನೇನು ಅಷ್ಟು ಆಡೋದಿಲ್ಲ ಸರ್.”

“ನಾಳೆ ಆ ಬನಿಯನ್ ತಗೊಂಡು ಬಾ.”

ಅಷ್ಟೇ. ಮೇಷ್ಟ್ರ ಮಾತು ಯಾವತ್ತೂ ಹೀಗೆಯೇ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಇರುವುದು ಇನ್ನೆರಡೇ ದಿನ, ಇವರಿಗೆ ಬನಿಯನ್ನು ನೋಡುವ ಹುಕಿ ಎಂದು ಕೊಟ್ರೇಶ ದಾರಿಯುದ್ದಕ್ಕೂ ಗೊಣಗಿಕೊಂಡ. ಆದರೂ ಮರುದಿನ ತಂದ.

ಮೇಷ್ಟ್ರು ಅದನ್ನು ಮೊಣಕಾಲ ಮೇಲೆ ಹರಡಿಕೊಂಡರು. ತಾಡಪಾಲಿನ ಏಳರ ಅಂಚಿನ ತುಂಬ ಬಣ್ಣ ಬಣ್ಣದ ಹೊಲಿಗೆ. ಒಬ್ಬೊಬ್ಬನ ಹೊಲಿಗೆಯ ಮೇಲೂ ಬೆರಳಿಟ್ಟು ಅವರು ಹೆಸರು ಹೇಳುತ್ತ ಹೋದರು. ಒಂದು ಹೆಸರೂ ತಪ್ಪಲಿಲ್ಲ. ಯಾರು ಎಡಗೈಯಲ್ಲಿ ಆಡುತ್ತಿದ್ದ, ಯಾರು ಸೋತಾಗ ಅಳುತ್ತಿದ್ದ, ಎಲ್ಲ ನೆನಪಿತ್ತು. ಕೊಟ್ರೇಶನಿಗೆ ಹಳೆಯ ಅಂಕಣದ ಸುಣ್ಣದ ಗೆರೆ, ನೀರು ಚಿಮುಕಿಸಿದ ಮಣ್ಣಿನ ವಾಸನೆ ಎಲ್ಲ ಮರಳಿ ಬಂದವು.

ಒಂದು ಕೆಂಪು ಹೊಲಿಗೆಯ ಮೇಲೆ ಬೆರಳು ನಿಂತಿತು.

“ಇದು?”

“ವಿರೂಪಾಕ್ಷಂದು ಸರ್.”

“ಅದರ ಪಕ್ಕದ್ದು?”

ಕೊಟ್ರೇಶ ಬಗ್ಗಿ ನೋಡಿದ. “ಅದೂ ಕೆಂಪೇ ಸರ್. ಅದೂ ಅವಂದೇ.”

“ನಿನ್ನ ಹೊಲಿಗೆ ಎಲ್ಲೈತಿ, ತೋರ್ಸು.”

ಕೊಟ್ರೇಶನಿಗೆ ಏನೋ ನೆನಪಾಯಿತು. ವಿರೂಪಾಕ್ಷ ಮೊದಲ ಸಲ ಹೊಲಿಗೆ ಹಾಕಿದ ಸಂಜೆ, ಇದೇ ಏಳನ್ನು ಕೊಟ್ರೇಶನ ಬೆನ್ನಿಗೆ ಹಿಡಿದು ಅಳತೆ ನೋಡಿದ್ದ. ನಾಳೆಯಿಂದ ಇದು ನಿಂದು ಕಣೋ ಎಂದಿದ್ದ. ಅದಾದ ವಾರಕ್ಕೆ ವಿರೂಪಾಕ್ಷ ಹಾಜರಿಯಿಲ್ಲದೆ ಉಳಿದುಕೊಂಡ. ಮುಂದಿನ ವರ್ಷವಿಡೀ ಕೊಟ್ರೇಶ ಬೆಂಚಿನ ಮೇಲೆ ಕೂತು ನೀರು ಕೊಟ್ಟ. ಮೂವತ್ತು ವರ್ಷ ಅವನು ಆ ಸಂಜೆಯನ್ನು ನೆನೆದಿರಲೇ ಇಲ್ಲ.

“ನಂದು ಇಲ್ಲ ಸರ್.”

“ಯಾಕಿಲ್ಲ?”

ಕೊಟ್ರೇಶ ನಗಲು ನೋಡಿದ. ಫೋಟೋದಲ್ಲಿ ನಕ್ಕ ಹಾಗೆ ಈಗ ನಗು ಬರಲಿಲ್ಲ.

“ನಾನೇನು ಅಷ್ಟು ಆಡ್ತಿರಲಿಲ್ಲ ಸರ್.”

ಮೇಷ್ಟ್ರು ಮೆಲ್ಲಗೆ ಎದ್ದರು. ಬನಿಯನ್ನನ್ನು ಅವನ ಬೆನ್ನಿನ ಮೇಲೆ ಹರಡಿ, ಅಂಗೈಯಿಂದ ಆ ಏಳನ್ನು ಒತ್ತಿ ಹಿಡಿದರು. ಮೇಲೆ ಅಂಕಣದಲ್ಲಿ ಯಾರೋ ಒಬ್ಬನೇ ಚೆಂಡು ಪುಟಿಸುತ್ತಿದ್ದ.

“ಆಡ್ತಿದ್ದೆ ಕೊಟ್ರೇಶಿ. ನಾನೇ ಆಡಿಸ್ಲಿಲ್ಲ.”