ಎರಡು ಬೆರಳಿನ ಜಾಗ

ಸೌಂಡ್ ಮಿಕ್ಸರ್ ಕೂತ ಚೀಲದೊಳಗೆ ಬೇರೆ ಯಾರೂ ನುಗ್ಗಬಾರದು ಎಂಬುದು ಆ ವಾದ್ಯಗೋಷ್ಠಿಯ ಕಟ್ಟಳೆ. ಅಲ್ಲಿನ ಚೀಲಗಳೆಲ್ಲ ಆ ಕಟ್ಟಳೆಯನ್ನು ಮುರಿದಿದ್ದವು. ಹಾಡುಗಾರರ ದನಿಗಳನ್ನು ಹದವಾಗಿ ಬೆರೆಸುವ ಆ ಮಿಕ್ಸರ್‌ಗೆ ದನಿ ಏರಿಸಿ ಇಳಿಸುವ ಹನ್ನೆರಡು ನಾಬ್‌ಗಳಿದ್ದವು. ಪಯಣಕ್ಕೊಂದರಂತೆ ಮುರಿದು ಈಗ ಒಂಬತ್ತು ಉಳಿದಿದ್ದವು. ಇನ್ನೊಂದು ಹೋದರೆ ತನ್ನನ್ನು ಮೂಲೆಗೆ ಹಾಕುತ್ತಾರೆಂದು ಅದಕ್ಕೆ ಗೊತ್ತಿತ್ತು. ಹೊರಡುವ ಬೆಳಿಗ್ಗೆ ಅದು ತಾನೇ ಚೀಲ ಹುಡುಕಿತು.

“ಬನ್ನಿ ಅಕ್ಕ, ನನ್ನೊಳಗೆ ಮನೆಯಷ್ಟು ಜಾಗ,” ಎಂದಿತು ಟ್ರಾವೆಲ್ ಬ್ಯಾಗು. ಒಳಗೆ ಆಗಲೇ ವೈರು, ಚಪ್ಪಲಿ, ಉಪ್ಪಿನಕಾಯಿ ಡಬ್ಬಿ ಕೂತಿದ್ದವು.

“ಇವರೆಲ್ಲ?”

“ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.”

“ಮಾಡ್ಕೊಂಡೇ ಮೂರು ನಾಬ್ ಕಳ್ಕೊಂಡೆ,” ಎಂದು ಮಿಕ್ಸರ್ ಮುಂದೆ ಹೋಯಿತು.

ದಪ್ಪ ಸ್ಪಂಜಿನ ಹೊಸ ಕರಿ ಚೀಲ ಜಿಪ್ಪು ಸರಿಸಿ ಬಾಯಿ ತೆರೆಯಿತು. ಮಿಕ್ಸರ್ ಅಳತೆಗೆ ಸರಿಯಾಗಿ ಕೂತಿತು; ನಾಬ್‌ಗಳ ಮೇಲೆ ಎರಡು ಬೆರಳು ಜಾಗ ಉಳಿಯಿತು. ಅಷ್ಟರಲ್ಲಿ ಕಬ್ಬಿಣದ ಮೈಕ್ ಸ್ಟ್ಯಾಂಡು ತಲೆ ತೂರಿಸಿತು.

“ಜಾಗ ಇದೆಯಲ್ಲ ಮಾರಾಯ! ಬೇರೆ ಚೀಲದವರೆಲ್ಲ ನನ್ನನ್ನ ಒಳಗೆ ಬಿಟ್ಕೊಂಡಿದ್ದಾರೆ, ನಿನಗೇನು ದೊಡ್ಡಸ್ತಿಕೆ?”

“ಆ ಜಾಗ ಖಾಲಿಯಲ್ಲ. ಇವರ ನಾಬ್‌ಗಳಿಗೆ ಪೆಟ್ಟು ಬೀಳದಿರಲೆಂದು ಇಟ್ಟದ್ದು,” ಎಂದಿತು ಕರಿ ಚೀಲ. ಸ್ಟ್ಯಾಂಡನ್ನು ಹೊರಕ್ಕೆ ತಳ್ಳಿ, ಒಂಬತ್ತೂ ನಾಬ್‌ಗಳ ಮೇಲೆ ತನ್ನ ಜಿಪ್ಪನ್ನು ಈ ತುದಿಯಿಂದ ಆ ತುದಿಯವರೆಗೆ ಸರ್ರನೆ ಎಳೆದುಕೊಂಡಿತು.